ಪದಚರ್ಚೆ: ‘ನೋದಕ’ ಇಲ್ಲದ ಸಬ್‌ಮರೀನ್ ಮುಂದೆ ಹೋಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ,

ಹೈಸ್ಕೂಲ್ ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕಾಲೇಜು ವಿದ್ಯಾರ್ಥಿಗಳು ತಾವೇ ಪುಟ್ಟ ಸಬ್‌ಮರೀನ್ ಕಟ್ಟಿ, ಒಳಗೆ ಮಲಗಿ, ಪೆಡಲ್ ತುಳಿದು ಓಡಿಸುವ ಪಂದ್ಯದ ಬಗ್ಗೆ. ಇದು 1989ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಶುರುವಾಯಿತು. ಆಮೇಲೆ ಮೇರಿಲ್ಯಾಂಡಿನ ಕಾರ್ಡರಾಕ್‌ನಲ್ಲಿರುವ ನೌಕಾಪಡೆಯ ಉದ್ದನೆಯ ತೊಟ್ಟಿಗೆ ಬಂತು. ಸಬ್‌ಮರೀನ್ ಒಳಗೂ ನೀರೇ ತುಂಬಿರುತ್ತದೆ. ತುಳಿಯುವವರು ಸಿಲಿಂಡರಿನ ಗಾಳಿಯಲ್ಲಿ ಉಸಿರಾಡುತ್ತಾರೆ.

ಪಂದ್ಯದಲ್ಲಿ ಪ್ರೊಪೆಲರ್, ಅಂದರೆ ನೀರನ್ನು ತಳ್ಳುವ ತಿರುಗುವ ರೆಕ್ಕೆ, ಇರುವವು ಒಂದು ಬಗೆ, ಇಲ್ಲದವು ಇನ್ನೊಂದು ಬಗೆ. ನನ್ನ ತಲೆನೋವು ಶುರುವಾಗಿದ್ದು ಇಲ್ಲೇ.

ಪ್ರೊಪೆಲರ್‌ಗೆ ‘ನೋದಕ’ ಎಂಬ ಪದ ಇದೆ. ‘ನುದ್’ ಎಂದರೆ ತಳ್ಳು, ನೋದಕ ಎಂದರೆ ತಳ್ಳುವಂಥದ್ದು. ಆದರೆ ಎರಡನೇ ಬಗೆಯನ್ನು ‘ನೋದಕರಹಿತ’ ಅಂದರೆ ತಳ್ಳುವಂಥದ್ದೇ ಇಲ್ಲ ಎಂದಾಯಿತು. ಹಾಗಾದರೆ ಅದು ನಿಂತಲ್ಲೇ ನಿಲ್ಲಬೇಕಲ್ವಾ? ನಿಜಕ್ಕೆ ಅಲ್ಲಿ ಮೀನಿನ ಬಾಲದ ಹಾಗೆ ಬಡಿಯುವ ರೆಕ್ಕೆ ತಳ್ಳುತ್ತಿರುತ್ತದೆ. ಇಂಗ್ಲಿಷಿನ ‘ಪ್ರೊಪೆಲರ್’ ಪದದ ಮೂಲ ಅರ್ಥವೂ ತಳ್ಳುವಂಥದ್ದು ಎಂದೇ. ಬಳಸಿ ಬಳಸಿ ಸವೆದು ಅದು ತಿರುಗುವ ರೆಕ್ಕೆಗೆ ಮಾತ್ರ ನಿಂತಿದೆ. ನಮ್ಮ ನೋದಕವನ್ನು ಯಾರೂ ಬಾಯಲ್ಲಿ ಆಡುವುದೇ ಇಲ್ಲ, ಇನ್ನು ಸವೆಯುವುದು ಹೇಗೆ?

ಕರಾವಳಿಯ ಮೀನುಗಾರರು ‘ಫ್ಯಾನ್’ ಅನ್ನುತ್ತಾರೆ. ‘ಬೋಟಿನ ಫ್ಯಾನಿಗೆ ಬಲೆ ಸಿಕ್ಕಿತು’ ಎಂದರೆ ಬಿಡಿಸಿ ಹೇಳಬೇಕಿಲ್ಲ. ನನಗೆ ಇದೇ ಇಷ್ಟ. ಆದರೆ ಒಳನಾಡಿನ ಮಗುವಿಗೆ ಮನೆಯ ಫ್ಯಾನೇ ಕಣ್ಣ ಮುಂದೆ ಬರುತ್ತದೆ. ಅದು ಗಾಳಿ ಬೀಸುತ್ತದೆ, ತಾನು ಎಲ್ಲಿಗೂ ಹೋಗುವುದಿಲ್ಲ.

‘ತಿರುಪು’ (ಸ್ಕ್ರೂ) ಅನ್ನಬಹುದೇ ಎಂದೂ ಯೋಚಿಸಿದೆ. 1776ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಬ್ರಿಟಿಷ್ ಹಡಗಿನ ಮೇಲೆ ದಾಳಿಗೆ ಹೋದ ‘ಟರ್ಟಲ್’ ಎಂಬ ಪುಟ್ಟ ಸಬ್‌ಮರೀನ್ ಓಡುತ್ತಿದ್ದುದು ಒಳಗಿದ್ದವನು ಕೈಯಿಂದ ತಿರುಗಿಸುವ ತಿರುಪಿನಿಂದಲೇ. ಈ ಪದದಿಂದ ಒಂದು ಅನುಕೂಲ ಇದೆ, ಪಿಚ್, ಅಂದರೆ ಪ್ರೊಪೆಲರ್ ಒಂದು ಸಲ ಸುತ್ತಿದಾಗ ಎಷ್ಟು ಮುಂದೆ ಸಾಗಬೇಕು ಎನ್ನುವುದನ್ನು, ವಿವರಿಸುವುದು ಸುಲಭ. ಒಂದು ಸಲ ಸುತ್ತಿದರೆ ತಿರುಪುಮೊಳೆ ಮರದೊಳಗೆ ಎಷ್ಟು ಇಳಿಯುತ್ತದೋ, ಹಾಗೆ. ನೀರು ಮರದಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ, ಆ ಮಾತು ಬೇರೆ.

ಲೇಖನದ ತಿರುಳೇ ಯಾವ ಬಗೆ ಆರಿಸಬೇಕು ಎನ್ನುವುದು. ಚೆನ್ನಾಗಿ ತಾಲೀಮು ಮಾಡಿದವರು ಕೆಲವು ನಿಮಿಷ 300 ವ್ಯಾಟ್ ಆಸುಪಾಸು ಕೊಡಬಲ್ಲರು, ಅಷ್ಟೆ. ವೇಗ ಎರಡು ಪಟ್ಟಾಗಬೇಕಾದರೆ ಸುಮಾರು ಎಂಟು ಪಟ್ಟು ಶಕ್ತಿ ಬೇಕು. ಹಾಗಾಗಿ ಸ್ವಲ್ಪವೂ ಪೋಲಾಗಬಾರದು. ಒಂದೇ ಪ್ರೊಪೆಲರ್ ಇದ್ದರೆ ಅದು ಒಂದು ಕಡೆ ತಿರುಗಿದಂತೆ ಒಡಲು ಇನ್ನೊಂದು ಕಡೆ ಹೊರಳಲು ನೋಡುತ್ತದೆ. ಅದಕ್ಕೆ ಕೆಲವರು ಒಂದರ ಹಿಂದೆ ಒಂದರಂತೆ, ಒಂದಕ್ಕೊಂದು ವಿರುದ್ಧವಾಗಿ ತಿರುಗುವ ಎರಡನ್ನು ಹಾಕುತ್ತಾರೆ. ಹೊರಳಾಟ ನಿಲ್ಲುತ್ತದೆ, ಆದರೆ ಗೇರು ಜಾಸ್ತಿ, ಕೆಡುವುದೂ ಜಾಸ್ತಿ. ಇದಕ್ಕೆ ‘ಎದುರುಸುತ್ತಿನ ಜೋಡಿ’ ಎಂದು ಬರೆದಿದ್ದೇನೆ. ಕಿವಿಗೆ ಹೇಗಿದೆ?

ಡ್ರೈವ್ ಅನ್ನುವುದಕ್ಕೂ ಪದ ಬೇಕು. ಪೆಡಲಿನಿಂದ ನೀರಿನವರೆಗಿನ ಇಡೀ ಏರ್ಪಾಡು ಅದರಲ್ಲಿ ಬರಬೇಕು. ‘ಚಾಲನೆ’ ಎಂದರೆ ಮಂತ್ರಿಗಳು ಬಂದು ಬಾವುಟ ತೋರಿಸಿದ ಹಾಗಾಗುತ್ತದೆ! ‘ಮಾನವಚಾಲಿತ’ವೂ ಅಷ್ಟೆ, ಮನುಷ್ಯ ಸ್ಟೀರಿಂಗ್ ಹಿಡಿದು ಕೂತಂತೆ ಕೇಳುತ್ತದೆ. ಸುಮ್ನೆ ‘ತುಳಿಯುವ ಸಬ್‌ಮರೀನ್’ ಎಂದು ಇಟ್ಟುಕೊಂಡಿದ್ದೇನೆ. ಟರ್ಟಲ್‌ಗೆ ಮಾತ್ರ ಅದು ಒಪ್ಪುವುದಿಲ್ಲ.

ಸದ್ಯಕ್ಕೆ ಹೊಳೆದಿರುವುದು ‘ತಿರುಗುರೆಕ್ಕೆ’ ಮತ್ತು ‘ಬಡಿರೆಕ್ಕೆ’. ಎರಡೂ ರೆಕ್ಕೆಯೇ, ಎರಡೂ ತಳ್ಳುತ್ತವೆ, ಯಾವುದೂ ‘ರಹಿತ’ ಅಲ್ಲ. ತೊಡಕು ಇಷ್ಟೇ: ಯಾರಾದರೂ ಪಂಪಿನಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿಸಿ ಓಡಿಸಿದರೆ ಅದು ಎರಡರಲ್ಲೂ ಸೇರುವುದಿಲ್ಲ. ಮೂರನ್ನೂ ಒಳಗೊಳ್ಳುವ ಪದ ನಿಮಗೆ ಹೊಳೆಯುತ್ತದೆಯೇ? ‘ತಳ್ಳುಗ’ ಎಂದು ಬರೆದು ನೋಡಿದೆ. ಮನೆಯಲ್ಲಿ ಓದಿದವರು ಜೋರಾಗಿ ನಕ್ಕರು.

ಮಲ್ಪೆ, ಕಾರವಾರದ ಕಡೆಯವರು ಇಲ್ಲಿದ್ದರೆ ಒಂದು ಪ್ರಶ್ನೆ. ಬೋಟಿನ ಫ್ಯಾನಿನ ಒಂದೊಂದು ರೆಕ್ಕೆಗೆ ನಿಮ್ಮಲ್ಲಿ ಏನನ್ನುತ್ತಾರೆ?