ಒಂದು ಪೇಮೆಂಟ್‌ಗೆ ಎರಡು ಪಾರ್ಸೆಲ್: ಆಟೊಮೇಷನ್ ಪ್ರಶ್ನೋತ್ತರ

ಅಡ್ಮಿನ್: ಮೈಸೂರು–ಮಂಡ್ಯ ಸಣ್ಣ ವ್ಯಾಪಾರಿಗಳ ಗುಂಪಿನ ಎಲ್ಲರಿಗೂ ನಮಸ್ಕಾರ. ಆರ್ಡರ್, ಪೇಮೆಂಟ್, ಶೀಟ್, ವಾಟ್ಸಾಪ್ ಇವನ್ನೆಲ್ಲ ಕೋಡ್ ಬರೆಯದೆ ಒಂದಕ್ಕೊಂದು ಜೋಡಿಸಿಕೊಡುವ ಕೆಲಸ ಮಾಡುವ ಮೇಡಂ ಇವತ್ತು ಸಂಜೆ ನಮ್ಮ ಜೊತೆ ಇದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಶುಭ ಸಂಜೆಯ ಚಿತ್ರ ಹಾಕಬೇಡಿ.

ಊದುಬತ್ತಿ, ಮೈಸೂರು: ವೆಬ್‌ಸೈಟ್ ಫಾರ್ಮ್ ತುಂಬಿದವರ ವಿವರ ಗೂಗಲ್ ಶೀಟ್‌ಗೆ ಹೋಗಬೇಕು. ಹೀಗೆ ಜೋಡಿಸುವ ಟೂಲ್‌ಗಳಲ್ಲಿ ಜ್ಯಾಪಿಯರ್ ಫ್ರೀ ಪ್ಲಾನ್ ಸಾಕಾ, ಮೇಕ್ ಒಳ್ಳೆಯದಾ?

ಮೇಡಂ: ಜ್ಯಾಪಿಯರ್ ಫ್ರೀಯಲ್ಲಿ ತಿಂಗಳಿಗೆ 100 ಟಾಸ್ಕ್, ಅಂದರೆ ಅದು ಮಾಡಿಕೊಡುವ ಒಂದೊಂದು ಕೆಲಸ. ಮೇಕ್ ಫ್ರೀಯಲ್ಲಿ 1,000. ಆದರೆ ಸಾವಿರ ಅಂತ ಹಿಗ್ಗಬೇಡಿ. ಮೇಕ್ 15 ನಿಮಿಷಕ್ಕೊಮ್ಮೆ ‘ಹೊಸದು ಏನಾದರೂ ಬಂತಾ’ ಅಂತ ಇಣುಕಿ ನೋಡುತ್ತದಲ್ಲ, ಏನೂ ಬರದಿದ್ದರೂ ಅದು ಲೆಕ್ಕಕ್ಕೆ ಸೇರುತ್ತದೆ. ದಿನಕ್ಕೆ 96 ಸಲ. ಹತ್ತು ಹನ್ನೊಂದು ದಿನಕ್ಕೆ ಕೋಟಾ ಖಾಲಿ, ಒಬ್ಬ ಗಿರಾಕಿಯೂ ಬಂದಿರುವುದಿಲ್ಲ. ಫಾರ್ಮ್‌ನಲ್ಲಿ ವೆಬ್‌ಹುಕ್, ಅಂದರೆ ತಾನೇ ಸುದ್ದಿ ಕಳಿಸುವ ಸೌಲಭ್ಯ ಇದ್ದರೆ ಅದನ್ನೇ ತಗೊಳ್ಳಿ, ಯಾರಾದರೂ ತುಂಬಿದಾಗ ಮಾತ್ರ ಓಡುತ್ತದೆ. ಗೂಗಲ್ ಫಾರ್ಮ್ ಆದರೆ ಅದೇ ನೇರವಾಗಿ ಶೀಟ್‌ಗೆ ಬರೆಯುತ್ತದೆ. ಸುಮ್ನೆ ಮಧ್ಯೆ ಇನ್ನೊಂದು ಟೂಲ್ ಯಾಕೆ?

ಹೋಂಸ್ಟೇ, ಗೋಕುಲಂ: ನಾವು ಬಳಸುವುದು ಇಂಥದ್ದೇ ಇನ್ನೊಂದು ಟೂಲ್, ಎನ್‌ಏಟ್‌ಎನ್. ನಮ್ಮದೇ ಸರ್ವರ್‌ನಲ್ಲಿದೆ. ಚೆಕ್‌ಇನ್ ಮೆಸೇಜ್ ಬೆಳಗ್ಗೆ 9ಕ್ಕೆ ಇಟ್ಟರೆ ಸಂಜೆ 6.30ಕ್ಕೆ ಹೋಗುತ್ತಿದೆ. ಅಷ್ಟು ಹೊತ್ತಿಗೆ ಅತಿಥಿಗಳು ಬಂದು, ಅರಮನೆ ನೋಡಿಕೊಂಡು ವಾಪಸ್ ಬಂದಿರುತ್ತಾರೆ.

ಮೇಡಂ: ಸ್ವಂತ ಸರ್ವರ್‌ನಲ್ಲಿ ಹಾಕಿದರೆ ಅದರ ಗಡಿಯಾರ ಮೊದಲಿಗೆ ನ್ಯೂಯಾರ್ಕ್ ಸಮಯದಲ್ಲಿರುತ್ತದೆ. ಚಳಿಗಾಲದಲ್ಲಿ 7.30ಕ್ಕೆ ಹೋಗುತ್ತದೆ, ನೋಡ್ತಿರಿ. ವರ್ಕ್‌ಫ್ಲೋ (ನೀವು ಜೋಡಿಸಿಟ್ಟ ಕೆಲಸಗಳ ಸರಣಿ) ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಜೋನ್ ಏಷ್ಯಾ/ಕೋಲ್ಕತಾ ಮಾಡಿ.

ರೇಷ್ಮೆ ಸೀರೆ, ಮೈಸೂರು: ಇನ್‌ಸ್ಟಾಗ್ರಾಂನಲ್ಲಿ ‘ರೇಟ್ ಎಷ್ಟು’ ಅಂತ ಕೇಳುವವರಿಗೆ ತಾನಾಗಿಯೇ ಉತ್ತರ ಹೋಗುವ ಹಾಗೆ ಮಾಡಬಹುದಾ?

ಬೆಲ್ಲ, ಮಂಡ್ಯ: ಮೇಡಂ, ನಮ್ಮದು ಆಲೆಮನೆ. ಬಕೆಟ್ ಬೆಲ್ಲ, ಬೆಲ್ಲದ ಪುಡಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. ರೇಜರ್‌ಪೇಯಲ್ಲಿ ದುಡ್ಡು ಬಂದ ಕೂಡಲೇ ಮೇಕ್ ಶೀಟ್‌ಗೆ ಬರೆದು, ಕೊರಿಯರ್ ಲೇಬಲ್ ಮಾಡಿ, ಗಿರಾಕಿಗೆ ಮೆಸೇಜ್ ಕಳಿಸಿ, ಕೊನೆಗೆ ‘ಸರಿ’ ಅಂತ ಉತ್ತರ ಕೊಡುತ್ತದೆ. ಕೆಲವರಿಗೆ ಒಂದೇ ಪೇಮೆಂಟ್‌ಗೆ ಎರಡು ಲೇಬಲ್, ಒಮ್ಮೆ ಮೂರು. ಪ್ಯಾಕಿಂಗ್ ಹುಡುಗರು ಲೇಬಲ್ ಬಂದ ಹಾಗೆ ಕಳಿಸಿಬಿಟ್ಟಿದ್ದಾರೆ. ವೆಬ್‌ಹುಕ್ ಸೆಟ್ಟಿಂಗ್‌ನ ಸ್ಕ್ರೀನ್‌ಶಾಟ್ ಹಾಕಿದ್ದೇನೆ. ಪೇಮೆಂಟ್ ಕ್ಯಾಪ್ಚರ್ಡ್, ಆರ್ಡರ್ ಪೇಯ್ಡ್ ಎರಡಕ್ಕೂ ಟಿಕ್ ಇದೆ.

ಮೇಡಂ: ಮೊದಲು ಆ ಸ್ಕ್ರೀನ್‌ಶಾಟ್ ಅಳಿಸಿ. ಈಗಲೇ. ವೆಬ್‌ಹುಕ್ ವಿಳಾಸ ಪೂರ್ತಿ ಕಾಣುತ್ತಿದೆ. ಆ ವಿಳಾಸಕ್ಕೆ ಯಾರು ಏನು ಕಳಿಸಿದರೂ ನಿಮ್ಮ ಮೇಕ್ ‘ದುಡ್ಡು ಬಂತು’ ಅಂತ ನಂಬುತ್ತದೆ. ಪುಕ್ಕಟೆ ಬೆಲ್ಲ ಬೇಕಾದವರು ಈ ಗುಂಪಿನಲ್ಲೇ ಇರಬಹುದು. ಹೊಸ ವೆಬ್‌ಹುಕ್ ಮಾಡಿಕೊಳ್ಳಿ, ಹಳೆಯದು ತೆಗೆಯಿರಿ.

ಈಗ ಡಬಲ್ ಲೇಬಲ್. ನಿಮಗೆ ಎರಡು ಕಾಯಿಲೆ ಒಟ್ಟಿಗೆ ಇದೆ. ಮೊದಲನೆಯದು ಆ ಎರಡು ಟಿಕ್. ಒಂದೇ ವ್ಯವಹಾರಕ್ಕೆ ಎರಡೂ ಸುದ್ದಿ ಬರುತ್ತದೆ. ಒಂದು ಸಾಕು, ಕ್ಯಾಪ್ಚರ್ಡ್ ಇಟ್ಟುಕೊಳ್ಳಿ.

ಎರಡನೆಯದು, ಕೊನೆಯಲ್ಲಿ ‘ಸರಿ’ ಅನ್ನುವ ವೆಬ್‌ಹುಕ್ ರೆಸ್ಪಾನ್ಸ್. 5 ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ರೇಜರ್‌ಪೇ ‘ತಲುಪಿಲ್ಲ’ ಅಂದುಕೊಂಡು ಅದೇ ಸುದ್ದಿಯನ್ನು ಮತ್ತೆ ಕಳಿಸುತ್ತದೆ. 24 ಗಂಟೆವರೆಗೂ ಬಿಟ್ಟು ಬಿಟ್ಟು ಪ್ರಯತ್ನ ಮಾಡುತ್ತದೆ. ಕೊರಿಯರ್ ಲೇಬಲ್ ಆಗುವುದಕ್ಕೇ 5 ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ, ಅಲ್ವಾ? ಆ ರೆಸ್ಪಾನ್ಸ್ ತೆಗೆದುಹಾಕಿ. ಅದಿಲ್ಲದಿದ್ದರೆ ಮೇಕ್ ತಾನೇ ತಕ್ಷಣ ‘ಬಂತು’ ಅಂತ ಹೇಳಿ, ಆಮೇಲೆ ನಿಧಾನಕ್ಕೆ ಕೆಲಸ ಮಾಡುತ್ತದೆ.

ಇಷ್ಟು ಮಾಡಿದರೂ ಎಂದೋ ಒಮ್ಮೆ ಎರಡು ಸಲ ಬಂದೇ ಬರುತ್ತದೆ. ಒಂದು ಸಲವಾದರೂ ತಲುಪಿಸುತ್ತೇವೆ ಅನ್ನುವುದು ವೆಬ್‌ಹುಕ್‌ನ ಕರಾರು, ಒಂದೇ ಸಲ ಅಂತ ಯಾರೂ ಹೇಳಿಲ್ಲ. ಹಾಗಾಗಿ ಲೇಬಲ್ ಮಾಡುವ ಮೊದಲು ಪೇಮೆಂಟ್ ಐಡಿಯನ್ನು ಶೀಟ್‌ನಲ್ಲಿ ಹುಡುಕಿಸಿ. ಇದ್ದರೆ ಅಲ್ಲೇ ನಿಲ್ಲಲಿ. ಇಲ್ಲದಿದ್ದರೆ ಮೊದಲು ಐಡಿ ಬರೆಯಲಿ, ಆಮೇಲೆ ಲೇಬಲ್. ಒಂದೊಂದು ಸುದ್ದಿಗೂ ಇರುವ ಈವೆಂಟ್ ಐಡಿ ಹುಡುಕಿಸಬೇಡಿ, ಕ್ಯಾಪ್ಚರ್ಡ್‌ಗೂ ಪೇಯ್ಡ್‌ಗೂ ಅದು ಬೇರೆ ಬೇರೆ ಇರುತ್ತದೆ. ಲೇಬಲ್‌ಗೆ ಮೊದಲು ಅದೇ ಪೇಮೆಂಟ್ ಐಡಿ ಹಿಡಿದು ರೇಜರ್‌ಪೇಗೇ ತಿರುಗಿ ಕೇಳಿ: ಇದು ನಿಜವಾ, ಮೊತ್ತ ಎಷ್ಟು? ಮೊತ್ತ ಪೈಸೆಯಲ್ಲಿ ಬರುತ್ತದೆ, 450 ರೂಪಾಯಿ ಅಂದರೆ 45000. ನೂರರಿಂದ ಭಾಗಿಸುವುದು ಮರೆಯಬೇಡಿ.

ಬೆಲ್ಲ, ಮಂಡ್ಯ: ಅಳಿಸಿದೆ ಮೇಡಂ. ಇವತ್ತೇ ಮಾಡ್ತೀನಿ.

ಬೇಕರಿ, ಮದ್ದೂರು: ಫಾರ್ವರ್ಡ್ ಬಂದಿದೆ, ನೋಡಿ ಎಲ್ಲರೂ 👇 ‘ವಾಟ್ಸಾಪ್ ವೆಬ್ ಕ್ಯೂಆರ್ ಸ್ಕ್ಯಾನ್ ಮಾಡಿ, ದಿನಕ್ಕೆ 5,000 ಜನರಿಗೆ ಫ್ರೀ ಮೆಸೇಜ್. ಯಾವ ಅನುಮತಿಯೂ ಬೇಡ.’

ಮೇಡಂ: ಬೇಡ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ನಿಮ್ಮ ವಾಟ್ಸಾಪ್ ಕೀಲಿಯನ್ನು ಗುರುತಿಲ್ಲದವರ ಕೈಗೆ ಕೊಟ್ಟ ಹಾಗೆ. ನಂಬರ್ ಬ್ಲಾಕ್ ಆದರೆ ಅಂಗಡಿ ಬೋರ್ಡ್ ಮೇಲೆ, ಬಿಲ್ ಮೇಲೆ ಇರುವ ನಂಬರೇ ಹೋಯಿತು. ಸರಿಯಾದ ದಾರಿ ವಾಟ್ಸಾಪ್ ಬಿಸಿನೆಸ್ ಎಪಿಐ, ಅಂದರೆ ಬೇರೆ ಟೂಲ್‌ಗಳನ್ನು ಜೋಡಿಸಲು ವಾಟ್ಸಾಪ್ ತಾನೇ ಕೊಡುವ ವ್ಯವಸ್ಥೆ. ಗಿರಾಕಿ ಕೊನೆಯ ಮೆಸೇಜ್ ಕಳಿಸಿದ 24 ಗಂಟೆಯೊಳಗೆ ಮಾಮೂಲಿ ಉತ್ತರ ಬರೆಯಬಹುದು. ಆಮೇಲೆ ವಾಟ್ಸಾಪ್ ಕಂಪನಿ ಮೆಟಾ ಮೊದಲೇ ಒಪ್ಪಿದ ಸಿದ್ಧ ಮೆಸೇಜ್ (ಟೆಂಪ್ಲೇಟ್) ಮಾತ್ರ.

ಬೇಕರಿ, ಮದ್ದೂರು: ಆದರೆ ನಮ್ಮ ಷಡ್ಡಕ ವರ್ಷದಿಂದ ಇದೇ ಮಾಡ್ತಿದ್ದಾನೆ, ಏನೂ ಆಗಿಲ್ಲ.

ಮೇಡಂ: ಹಾಗಾದರೆ ಅವರನ್ನೇ ಕೇಳಿ.

ಸ್ಟೇಷನರಿ, ನಂಜನಗೂಡು ರಸ್ತೆ: ಜ್ಯಾಪಿಯರ್ ಫ್ರೀ ಇದೆಯಾ?

ಮೇಡಂ: 100 ಟಾಸ್ಕ್. ಮೇಲೆ ಇದೆ.

ಇಂಜಿನಿಯರಿಂಗ್ ವಿದ್ಯಾರ್ಥಿ: ಇವೆಲ್ಲ ಯಾಕೆ? ಎನ್‌ಏಟ್‌ಎನ್ ಹಾಕಿಕೊಳ್ಳಿ. ಪೂರ್ತಿ ಫ್ರೀ. ಬೇಕಾದವರಿಗೆ ನಾನೇ ಹಾಕಿಕೊಡ್ತೀನಿ. 2,000 ರೆಡಿಮೇಡ್ ವರ್ಕ್‌ಫ್ಲೋ ಇರುವ ಜಿಪ್ ಫೈಲ್ ಕೂಡ ಇದೆ.

ಹಾರ್ಡ್‌ವೇರ್, ಸಯ್ಯಾಜಿರಾವ್ ರಸ್ತೆ: ನನಗೂ ಹಾಕಿಕೊಟ್ಟಿದ್ರಿ. ಸರ್ವರ್ ಕೈಕೊಟ್ಟ ದಿನ ‘ಇಂಟರ್ನಲ್ಸ್ ಇದೆ ಅಣ್ಣ’ ಅಂತ ಫೋನ್ ಇಟ್ರಿ.

ಇಂಜಿನಿಯರಿಂಗ್ ವಿದ್ಯಾರ್ಥಿ: ಬ್ಯಾಕಪ್ ಇತ್ತಲ್ಲ ಅಣ್ಣ.

ಹಾರ್ಡ್‌ವೇರ್, ಸಯ್ಯಾಜಿರಾವ್ ರಸ್ತೆ: ಇತ್ತು. ವರ್ಕ್‌ಫ್ಲೋ ಎಲ್ಲ ಬಂತು. ಜೀಮೇಲ್, ಶೀಟ್, ಪೇಮೆಂಟ್ ಒಂದೂ ಕನೆಕ್ಟ್ ಆಗಲಿಲ್ಲ.

ಮೇಡಂ: ಎನ್‌ಕ್ರಿಪ್ಷನ್ ಕೀ ಎತ್ತಿಟ್ಟಿಲ್ಲ. ಅದಿಲ್ಲದಿದ್ದರೆ ಬ್ಯಾಕಪ್‌ನಲ್ಲಿರುವ ಪಾಸ್‌ವರ್ಡ್, ಟೋಕನ್ ಯಾವುದನ್ನೂ ಬಿಡಿಸಲು ಬರುವುದಿಲ್ಲ. ಎಲ್ಲವನ್ನೂ ಹೊಸದಾಗಿ ಲಾಗಿನ್ ಮಾಡಿ. ಮತ್ತೆ ಆ ಜಿಪ್ ಫೈಲ್ ಯಾರೂ ಇಂಪೋರ್ಟ್ ಮಾಡಬೇಡಿ. ಒಳಗಿರುವ ಒಂದು ನೋಡ್, ಅಂದರೆ ಒಂದು ಹಂತ, ನಿಮ್ಮ ಗಿರಾಕಿಗಳ ಪಟ್ಟಿಯನ್ನು ಬೇರೆಲ್ಲಿಗಾದರೂ ಕಳಿಸುತ್ತಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ.

ಇಂಜಿನಿಯರಿಂಗ್ ವಿದ್ಯಾರ್ಥಿ: ಎಲ್ಲರೂ ಬಳಸ್ತಾರೆ ಮೇಡಂ. ನಿಮ್ಮ ಫೀಸ್ ತಪ್ಪುತ್ತೆ ಅಂತ ಹೆದರಿಸಬೇಡಿ.

ಹಾರ್ಡ್‌ವೇರ್, ಸಯ್ಯಾಜಿರಾವ್ ರಸ್ತೆ: ಮಾತು ನೋಡಿ ಆಡಪ್ಪ. ನನ್ನ ಮೂರು ಸಾವಿರ ಮೊದಲು ವಾಪಸ್ ಕೊಡು.

ಅಕೌಂಟೆಂಟ್, ಮಂಡ್ಯ: ಎಲ್ಲ ತಾನೇ ಆದರೆ ನಮ್ಮಂಥವರು ಏನು ಮಾಡಬೇಕು? ಇದನ್ನು ಯಾರೂ ಕೇಳ್ತಿಲ್ಲ.

ಬೇಕರಿ, ಮದ್ದೂರು: ಮೈಸೂರಿನವರಿಗೆ ಅದೆಲ್ಲ ಬೇಡ, ಹುಡುಗರನ್ನು ಬಿಡಿಸಿದರೆ ಸಾಕು.

ಊದುಬತ್ತಿ, ಮೈಸೂರು: ಊರಿನ ಮಾತು ಯಾಕೆ ಬಂತು ಇಲ್ಲಿ? ನಮ್ಮಲ್ಲಿ ಒಬ್ಬರನ್ನೂ ಬಿಡಿಸಿಲ್ಲ. ನೀವು ಫಾರ್ವರ್ಡ್ ಮಾಡೋದು ಬಿಟ್ಟರೆ ಸಾಕು.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ರೇಷ್ಮೆ ಸೀರೆ, ಮೈಸೂರು: ನನ್ನ ಪ್ರಶ್ನೆ??

ಗೊಬ್ಬರದಂಗಡಿ, ಪಾಂಡವಪುರ: ಲೆಕ್ಕ ಬರೆಯುವ ಟ್ಯಾಲಿಯನ್ನು ಶೀಟ್‌ಗೆ ಜೋಡಿಸಬಹುದಾ?

ಮೇಡಂ: ಆಗುತ್ತದೆ. ಟ್ಯಾಲಿ ನಿಮ್ಮ ಕಂಪ್ಯೂಟರ್‌ನಲ್ಲಿರುತ್ತದೆ, ಸಾಮಾನ್ಯವಾಗಿ 9000 ಪೋರ್ಟ್‌ನಲ್ಲಿ ಎಕ್ಸ್‌ಎಂಎಲ್ ಮೂಲಕ ಮಾತಾಡುತ್ತದೆ. ಕಂಪ್ಯೂಟರ್ ಆನ್ ಇರಬೇಕು, ಕಂಪನಿ ತೆರೆದಿರಬೇಕು, ಮಧ್ಯೆ ಎರಡನ್ನೂ ಜೋಡಿಸುವ ಒಂದು ಕನೆಕ್ಟರ್ ಬೇಕು. ಆ ಪೋರ್ಟನ್ನು ನೇರ ಇಂಟರ್ನೆಟ್‌ಗೆ ತೆರೆಯಬೇಡಿ.

ರೈಸ್ ಮಿಲ್, ಮಳವಳ್ಳಿ: ಟ್ಯಾಲಿ ಕನೆಕ್ಟ್ ಆಗುತ್ತಾ ಮೇಡಂ?

ಮೇಡಂ: ಒಂದು ಮೆಸೇಜ್ ಮೇಲೆ ಓದಿ.

ಬೆಲ್ಲ, ಮಂಡ್ಯ: ಮೇಡಂ, ಎಲ್ಲ ಮಾಡಿದೆ. ಐಡಿ ಹುಡುಕಿಸುವುದೂ ಇದೆ. ಪರೀಕ್ಷೆಗೆ ಒಂದೇ ಸುದ್ದಿಯನ್ನು ಒಟ್ಟೊಟ್ಟಿಗೆ ಎರಡು ಸಲ ಕಳಿಸಿದೆ. ಮತ್ತೆ ಎರಡು ಲೇಬಲ್ ಬಂತು! ನಿಧಾನಕ್ಕೆ ಕಳಿಸಿದರೆ ಒಂದೇ ಬರುತ್ತದೆ.

ಮೇಡಂ: ಇಷ್ಟು ಹೊತ್ತಿನಲ್ಲಿ ಪರೀಕ್ಷೆ ಮಾಡಿ ನೋಡಿ ಬಂದವರು ನೀವೊಬ್ಬರೇ. ನಿಮ್ಮ ಹುಡುಕಾಟ ಸರಿಯಾಗೇ ಇದೆ. ಆದರೆ ವೆಬ್‌ಹುಕ್ ಬಂದರೆ ಮೇಕ್ ಎರಡನ್ನೂ ಏಕಕಾಲಕ್ಕೆ ಓಡಿಸುತ್ತದೆ. ಮೊದಲನೆಯದು ಶೀಟ್‌ನಲ್ಲಿ ಹುಡುಕಿತು, ಇಲ್ಲ. ಅದು ಬರೆಯುವ ಮೊದಲೇ ಎರಡನೆಯದೂ ಹುಡುಕಿತು, ಅದಕ್ಕೂ ಇಲ್ಲ. ಇಬ್ಬರೂ ಲೇಬಲ್ ಮಾಡಿದರು. ಸಿನಾರಿಯೊ (ಮೇಕ್‌ನಲ್ಲಿ ವರ್ಕ್‌ಫ್ಲೋಗೆ ಇರುವ ಹೆಸರು) ಸೆಟ್ಟಿಂಗ್ಸ್‌ನಲ್ಲಿ ಸೀಕ್ವೆನ್ಶಿಯಲ್ ಪ್ರೊಸೆಸಿಂಗ್ ಅಂತ ಇದೆ. ಆನ್ ಮಾಡಿ, ಒಂದು ಮುಗಿದ ಮೇಲೇ ಇನ್ನೊಂದು ಶುರುವಾಗುತ್ತದೆ. ಆರ್ಡರ್ ಜಾಸ್ತಿ ಇದ್ದಾಗ ಸ್ವಲ್ಪ ಸಾಲು ನಿಲ್ಲುತ್ತದೆ, ಪರವಾಗಿಲ್ಲ. ಒಂದು ಓಟ ಎಡವಟ್ಟಾಗಿ ಅರ್ಧಕ್ಕೆ ನಿಂತರೆ ಅದರ ಹಿಂದೆ ಸಾಲಿನಲ್ಲಿರುವವೂ ಕಾಯುತ್ತವೆ. ಹಾಗಾಗಿ ದಿನಕ್ಕೊಮ್ಮೆ ಇನ್‌ಕಂಪ್ಲೀಟ್ ಎಕ್ಸಿಕ್ಯೂಷನ್ಸ್, ಅಂದರೆ ಅರ್ಧಕ್ಕೆ ನಿಂತವುಗಳ ಪಟ್ಟಿ ತೆಗೆದು ನೋಡುವ ಕೆಲಸವನ್ನು ಯಾರಿಗಾದರೂ ಹಚ್ಚಿ.

ಬೆಲ್ಲ, ಮಂಡ್ಯ: ಅಕೌಂಟೆಂಟ್ ಅವರೇ, ನಿಮ್ಮ ನಂಬರ್ ಖಾಸಗಿಯಾಗಿ ಕಳಿಸಿ.

ಸ್ಟೇಷನರಿ, ನಂಜನಗೂಡು ರಸ್ತೆ: 100 ಟಾಸ್ಕ್ ಅಂದರೆ ದಿನಕ್ಕಾ ತಿಂಗಳಿಗಾ?