ಹಳೆ ಸೀರೆ ಜರಿ ಮಾರೋದಾದ್ರೆ ಎಷ್ಟು ಕೇಳ್ಬೇಕು?

ಸೆರಗು:
ಅಜ್ಜಿದು ಹಳೇ ರೇಷ್ಮೆ ಸೀರೆ ಒಂದಷ್ಟಿವೆ, ಮಡಿಕೆ ಮಡಿಕೇಲೂ ಸೀಳಿದಾವೆ, ಉಡೋ ಹಾಗಿಲ್ಲ. ಜರಿ ಸೀರೆ ತಗೋತೀವಿ ಅಂತ ಕೂಗ್ಕೊಂಡು ಬರ್ತಾರಲ್ಲ, ಅವ್ರು ಮುಟ್ಟಿ ನೋಡಿ ಪೂರಾ ಗಂಟಿಗೆ ಒಂದು ರೇಟ್ ಹೇಳಿದ್ರು, ತೂಕ ಇಲ್ಲ ಏನಿಲ್ಲ. ಕೊಟ್ಬಿಡು ಅಂತಾರೆ ಅಮ್ಮ. ಬೆಳ್ಳಿ ಇದ್ಯೋ ಇಲ್ವೋ ಮನೇಲೇ ಗೊತ್ತಾಗುತ್ತಾ? ಯೂಟ್ಯೂಬಲ್ಲಿ ಆಸಿಡ್ ಹಾಕಿ ತೆಗೀತಾರಲ್ಲ, ಅದು ಮಾಡ್ಬಹುದಾ?

ಕುಲುಮೆ:
ಈಗ್ಲೇ ಕೊಡ್ಬೇಡಿ ಮೇಡಂ. ನಮ್ಮದು ಬೆಳ್ಳಿ ಕೆಲಸದ ಮನೆ, ಅದಕ್ಕೇ ಹೇಳ್ತಿರೋದು. ಸೆರಗಿನ ತುದೀಲಿ ಬಿಚ್ಕೊಂಡಿರೋ ಎಳೆ ಒಂದು ಎಳ್ಕೊಳಿ, ನಡುವೆ ದಾರ ಇರುತ್ತೆ, ಅದಕ್ಕೆ ಚಪ್ಪಟೆ ತಂತಿ ಸುತ್ತಿರ್ತಾರೆ, ಉಗುರಲ್ಲಿ ಕೆರೆದ್ರೆ ಸುರುಳಿಯಾಗಿ ಬಿಚ್ಕೊಳುತ್ತೆ. ಕಡ್ಡಿ ಗೀರಿ ಹಿಡೀರಿ. ಪ್ಲಾಸ್ಟಿಕ್ ಜರಿ ಆದ್ರೆ ಮುದುರಿ ಗಂಟಾಗುತ್ತೆ, ಲೋಹದ್ದಾದ್ರೆ ದಾರ ಸುಟ್ಟು ತಂತಿ ಉಳಿಯುತ್ತೆ. ಆ ತಂತೀನ ಒರೆಗಲ್ಲಿಗೆ ಚೆನ್ನಾಗಿ ಉಜ್ಜಿ, ಕೆಂಪು ಬಂದ್ರೆ ತಾಮ್ರ, ಬಿಳಿ ಬಂದ್ರೆ ಬೆಳ್ಳಿ.

ಇನ್ನು ಲೆಕ್ಕ. ಕೆಎಸ್‌ಐಸಿ ಅಂದ್ರೆ ಸರ್ಕಾರಿ ರೇಷ್ಮೆ ನಿಗಮದ ಮೈಸೂರು ಸಿಲ್ಕ್ ಜರೀಲಿ ಬೆಳ್ಳಿ 65%, ಚಿನ್ನ 0.65%. 100 ಗ್ರಾಂ ಜರಿಗೆ 65 ಗ್ರಾಂ ಬೆಳ್ಳಿ, 0.65 ಗ್ರಾಂ ಚಿನ್ನ. ಅಷ್ಟೇನಾ ಅನ್ಬೇಡಿ, ಗ್ರಾಂ ಚಿನ್ನದ ರೇಟ್ ಗ್ರಾಂ ಬೆಳ್ಳಿಯ 80 ಪಟ್ಟು ಇದ್ರೆ ಆ ಚೂರು ಚಿನ್ನಾನೇ 52 ಗ್ರಾಂ ಬೆಳ್ಳಿಗೆ ಸಮ ಆಯ್ತು. ಬೆಳ್ಳಿಗೆ ಮಾತ್ರ ದುಡ್ಡು ಕೊಟ್ಟು ಗಂಟು ಕಟ್ಕೊಂಡು ಹೋಗೋರ ಲಾಭ ಇರೋದೇ ಇಲ್ಲಿ. ಬೇರೆ ಕಡೆ ಸೀರೆಗಳಲ್ಲಿ ಪ್ರಮಾಣ ಬೇರೆ ಇರುತ್ತೆ, ನೆನಪಿರ್ಲಿ.

ಗಿರಿಜಕ್ಕ:
ಅಯ್ಯೋ ಸುಡೋದ್ಯಾಕೆ, ಅಂಚು ಗಟ್ಟಿಯಾಗಿದ್ರೆ ಮಗೂಗೆ ಲಂಗಕ್ಕೆ ಹಾಕ್ಸಿ 🙂

ಲ್ಯಾಬ್‌ಮೇಟ್:
ಆಸಿಡ್ ವಿಷಯಕ್ಕೆ ಮಾತ್ರ ಹೋಗ್ಬೇಡಿ ಪ್ಲೀಸ್. ನೈಟ್ರಿಕ್ ಆಸಿಡಲ್ಲಿ ಬೆಳ್ಳಿ ತಾಮ್ರ ಎರಡೂ ಕರಗುತ್ತೆ, ಚಿನ್ನ ಕರಗಲ್ಲ, ಕಂದು ಪುಡಿಯಾಗಿ ತಳಕ್ಕೆ ಕೂರುತ್ತೆ, ಆಮೇಲೆ ಆ ನೀರಿಗೆ ತಾಮ್ರದ ಪಟ್ಟಿ ಇಟ್ರೆ ಬೆಳ್ಳಿ ವಾಪಸ್ ಬರುತ್ತೆ. ವಿಡಿಯೋಲಿ ಚೆಂದ ಕಾಣುತ್ತೆ, ಆದ್ರೆ ಏಳೋ ಕಂದು ಹೊಗೆ ಶ್ವಾಸಕೋಶಕ್ಕೆ ವಿಷ, ಆಗ ಏನೂ ಅನ್ಸಲ್ಲ, ಗಂಟೆಗಟ್ಟಲೆ ಆದ್ಮೇಲೆ ಉಸಿರು ಕಟ್ಟಬಹುದು. ಹಳೆ ಮೊಬೈಲ್ ಬೋರ್ಡಿಂದ ಚಿನ್ನ ತೆಗೆಯೋದೂ ಇದೇ ಕಥೆ, ದಿಲ್ಲಿ ಸೀಲಂಪುರದ ಕಡೆ ಬರಿಗೈಲಿ ಈ ಕೆಲಸ ಮಾಡೋರ ಫೋಟೋ ನೋಡಿ, ಸಾಕು.

ಸೆರಗು:
ಆಸಿಡ್ ಕೈಬಿಟ್ಟೆ ಸರ್. ಎಳೆ ಸುಟ್ಟು ನೋಡಿದೆ, ಎರಡು ಸೀರೇದು ಕೆಂಪು, ಮಿಕ್ಕಿದ್ದು ಬಿಳಿ. ಈಗ ಯಾರತ್ರ ಹೋಗ್ಲಿ?

ಕುಲುಮೆ:
ಬೆಂಗಳೂರಾದ್ರೆ ಅವೆನ್ಯೂ ರೋಡ್, ನಗರ್ತಪೇಟೆ ಕಡೆ ಬೆಳ್ಳಿ ಕರಗಿಸೋರನ್ನ ವಿಚಾರಿಸಿ. ಅಂಚು ಸೆರಗು ಮಾತ್ರ ಕತ್ತರಿಸಿ ತೂಕ ಹಾಕಿಸ್ಕೊಂಡು ಹೋಗಿ, ನಿಮ್ಮೆದುರೇ ಸುಟ್ಟು ಬಿಳಿಗಾರ (ಬೋರಾಕ್ಸ್) ಹಾಕಿ ಕರಗಿಸಿ ಗಟ್ಟಿ ಮಾಡ್ಕೊಡಿ ಅನ್ನಿ. ಆ ಗಟ್ಟೀನ ಮೆಷಿನ್ ಟೆಸ್ಟ್ ಮಾಡಿಸಿ, ಬೆಳ್ಳಿ ಚಿನ್ನ ಎರಡರ ಪರ್ಸೆಂಟೂ ಚೀಟೀಲಿ ಬರುತ್ತೆ. ಜರೀನ ಹಾಗೇ ಮೆಷಿನ್‌ಗೆ ಇಟ್ರೆ ಸರಿಯಾಗಿ ಹೇಳಲ್ಲ, ಚಿನ್ನ ಇರೋದು ಮೇಲ್ಮೇಲೆ ಅಷ್ಟೇ. ಆ ಕೆಂಪು ಬಂದ ಎರಡು ಸೀರೇನ ಮನೇಲೇ ಬಿಟ್ಟೋಗಿ, ಅದೂ ಜೊತೇಲಿ ಕರಗಿದ್ರೆ ಇರೋ ಬೆಳ್ಳಿ ಟಚ್, ಅಂದ್ರೆ ಶುದ್ಧತೆ, ಇಳಿದು ರೇಟ್ ಕಮ್ಮಿ ಹಾಕ್ತಾರೆ.