ಬೋಲ್ಟ್ ಆಕ್ಷನ್ ರೈಫಲ್‌ಗೆ ಮಿಲಿಟರಿ ಸರ್ಪ್ಲಸ್ ಗುಂಡು, ಪ್ರಾಕ್ಟೀಸ್‌ಗೆ ನಡಿಯತ್ತಾ?

ಹಳೆಬೋಲ್ಟ್:

ಎಲ್ರಿಗೂ ನಮಸ್ಕಾರ. ನನ್ ಹತ್ರ ಇರೋದು ಮೋಸಿನ್ ನಗಾಂಟ್ 91/30, ಪ್ರತಿ ಸಲ ಕೈಯಲ್ಲಿ ಬೋಲ್ಟ್ ಎಳೆದು ಗುಂಡು ಹಾಕೋ ಹಳೇ ರಷ್ಯನ್ ಮಿಲಿಟರಿ ರೈಫಲ್, ಕ್ಯಾಲಿಬರ್ 7.62x54R. ಬೋರ್ (ನಳಿಗೆ ಒಳಭಾಗ) ಚೆನ್ನಾಗಿದೆ, ಗನ್‌ಸ್ಮಿತ್ ಹತ್ರ ಗೇಜ್ ಹಾಕ್ಸಿ ಹೆಡ್‌ಸ್ಪೇಸ್ (ಬೋಲ್ಟ್ ಮುಚ್ಚಿದಾಗ ಕೇಸ್ ಕೂರೋ ಜಾಗದ ಅಳತೆ) ಕೂಡ ನೋಡ್ಸಿದೀನಿ, ಏನೂ ತೊಂದ್ರೆ ಇಲ್ಲ ಅಂದ್ರು. ವಾರ ವಾರ ಪ್ರಾಕ್ಟೀಸ್ ಮಾಡ್ಬೇಕು ಅಂತ ಆಸೆ, ಆದ್ರೆ ಹೊಸ ಫ್ಯಾಕ್ಟರಿ ರೌಂಡ್‌ನಲ್ಲಿ ಅದನ್ನ ಮಾಡಕ್ಕೆ ಹೋದ್ರೆ ಖರ್ಚು ಕೈ ಮೀರತ್ತೆ. ಈಗ 1970ರ ದಶಕದ ಸೀಲ್ ಆಗಿರೋ ಸರ್ಪ್ಲಸ್ (ಸೇನೆ ಮಾರಿದ ಹಳೇ ಸ್ಟಾಕ್) ಡಬ್ಬ ಒಂದು ಸಿಗ್ತಿದೆ, 440 ರೌಂಡು, ಒಳಗೆ 20-20 ಕಾಗದದ ಪೊಟ್ಟಣ, ಲೈಟ್ ಬಾಲ್ (ಹಗುರವಾದ ಸಾದಾ ಗುಂಡು). ಕೊರೋಸಿವ್ (ತುಕ್ಕು ಹಿಡಿಸೋದು) ಅಂತ ಕೊಡೋರೇ ಹೇಳಿದ್ರು.

ಕ್ಲೀನಿಂಗ್ ವಿಷ್ಯದಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಒಬ್ರು ಕಿಟಕಿ ಗಾಜು ಒರೆಸೋ ಅಮೋನಿಯಾ ಲಿಕ್ವಿಡ್ ಹಾಕು ಅಂತಾರೆ, ಇನ್ನೊಬ್ರು ಚೆನ್ನಾಗಿ ಎಣ್ಣೆ ಬಿಟ್ರೆ ಸಾಕು ಅಂತಾರೆ. ಯಾವುದು ಸರಿ? ಇನ್ನೊಂದು, ಇಂಥ ಗುಂಡಿಂದ ಪ್ರಾಕ್ಟೀಸ್ ಮಾಡಿದ್ರೆ ನಿಜವಾಗ್ಲೂ ಏನಾದ್ರೂ ಕಲಿಯಕ್ಕಾಗತ್ತಾ, ಇಲ್ಲ ಸುಮ್ನೆ ಸದ್ದು ಮಾಡಿ ಬಂದಂಗಾಗತ್ತಾ? ಇದೇ ನನ್ ತಲೇಲಿ ಜಾಸ್ತಿ ಓಡ್ತಿರೋದು.

ನಳಿಗೆ ಸಾಫ್:

ಸರ್, ಕ್ಲೀನಿಂಗ್ ಬಗ್ಗೆ ನಾನ್ ಹೇಳ್ತೀನಿ, ಇದ್ರಲ್ಲಿ ತಪ್ಪು ಮಾಹಿತಿ ತುಂಬಾ ಓಡಾಡತ್ತೆ.

ಕೊರೋಸಿವ್ ಅಂದ್ರೆ ಮದ್ದು ಕೆಟ್ಟದು ಅಂತಲ್ಲ, ಸಮಸ್ಯೆ ಇರೋದು ಪ್ರೈಮರ್‌ನಲ್ಲಿ, ಅಂದ್ರೆ ಕೇಸಿನ ಬುಡದಲ್ಲಿ ಮದ್ದಿಗೆ ಕಿಡಿ ಹಚ್ಚೋ ಪುಟ್ಟ ಬಿಲ್ಲೇಲಿ. ಹಳೇ ಮಿಲಿಟರಿ ಪ್ರೈಮರ್‌ಗಳಲ್ಲಿ ಪೊಟಾಸಿಯಂ ಕ್ಲೋರೇಟ್ ಇರತ್ತೆ, ವರ್ಷಾನುಗಟ್ಲೆ ಗೋಡೌನಲ್ಲಿ ಇಟ್ರೂ ಕೆಡಲ್ಲ ಅನ್ನೋ ಕಾರಣಕ್ಕೆ ಸೇನೆಗಳು ಅದನ್ನ ಬಿಡ್ಲಿಲ್ಲ. ಅದು ಉರಿದ ಮೇಲೆ ಉಳಿಯೋದು ಪೊಟಾಸಿಯಂ ಕ್ಲೋರೈಡ್, ನಮ್ಮ ಅಡಿಗೆ ಉಪ್ಪಿನ ಜಾತೀದೇ. ಬೋರ್ ಒಳಗೆಲ್ಲ ಸಣ್ಣದಾಗಿ ಅಂಟ್ಕೊಂಡು ಗಾಳೀಲಿರೋ ತೇವ ಎಳ್ಕೊಳ್ಳತ್ತೆ, ತೇವ ಬಂದ ತಕ್ಷಣ ತುಕ್ಕು ಶುರು. ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ರೂ ಸಾಕು, ಬೆಳಿಗ್ಗೆ ಪ್ಯಾಚ್ (ಬೋರ್ ಒರೆಸೋ ಬಟ್ಟೆ ತುಂಡು) ಕೆಂಪಗೆ ಬರತ್ತೆ.

ಉಪ್ಪನ್ನ ಕರಗಿಸೋದು ನೀರು. ಎಣ್ಣೇಲಿ ಉಪ್ಪು ಕರಗಲ್ಲ, ಮೇಲೆ ಎಣ್ಣೆ ಬಿಟ್ರೆ ಉಪ್ಪು ಅಡೀಲಿ ಹಾಗೇ ಕೂತಿರತ್ತೆ. ಅಮೋನಿಯಾ ಉಪ್ಪನ್ನ ಏನೂ ಮಾಡಲ್ಲ, ಗಾಜು ಒರೆಸೋ ಲಿಕ್ವಿಡ್ ಹಾಕಿದವರಿಗೆ ಕೆಲ್ಸ ಆಗಿದ್ರೆ ಅದು ಅದ್ರಲ್ಲಿರೋ ನೀರಿಂದ. ತಾಮ್ರದ ಕಲೆ ಬಿಡಿಸಕ್ಕೆ ಅಮೋನಿಯಾ ಇರೋ ಸಾಲ್ವೆಂಟ್ ಬೇಕಾಗತ್ತೆ, ಅದು ಬೇರೆ ಕೆಲ್ಸ.

ರೇಂಜಿಂದ ಹೊರಡೋಕೆ ಮುಂಚೆನೇ ಎರಡು ಮೂರು ಒದ್ದೆ ಪ್ಯಾಚ್ ಎಳೀರಿ. ಮನೆಗೆ ಬಂದ ಮೇಲೆ ಬೋಲ್ಟ್ ತೆಗೆದು ಚೇಂಬರ್ (ರೌಂಡ್ ಕೂರೋ ಜಾಗ) ಕಡೆಯಿಂದ ಸಣ್ಣ ಫನಲ್ ಇಟ್ಟು ಕುದಿಯೋ ನೀರು ಬಿಡಿ, ಮೂತಿ ಕೆಳಗಿರ್ಲಿ, ಮರದ ಸ್ಟಾಕ್ ಒಳಗೆ ನೀರು ನುಗ್ಗದ ಹಾಗೆ ನೋಡ್ಕೊಳ್ಳಿ. ನೀರು ಎಷ್ಟು ಬಿಸಿ ಇದ್ರೆ ಅಷ್ಟು ಒಳ್ಳೇದು, ಬ್ಯಾರೆಲ್ ಬಿಸಿಯಾಗಿ ತಾನೇ ಒಣಗತ್ತೆ. ಆಮೇಲೆ ಒಣ ಪ್ಯಾಚ್, ಮಾಮೂಲಿ ಸಾಲ್ವೆಂಟ್, ಬ್ರಷ್, ಕೊನೆಗೆ ಎಣ್ಣೆ. ಜನ ಮರೆಯೋದು ಬೋಲ್ಟ್ ಹೆಡ್ಡು, ಅದ್ರಲ್ಲೂ ಫೈರಿಂಗ್ ಪಿನ್ ಹೊರಗೆ ಬರೋ ತೂತು. ಪ್ರೈಮರ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಸೋರಿದ್ರೂ ಉಪ್ಪು ಅಲ್ಲಿ ಸೇರ್ಕೊಳ್ಳತ್ತೆ. ಮೋಸಿನ್ ಬೋಲ್ಟ್ ಬಿಚ್ಚೋದು ಸುಲಭ, ಪೂರ್ತಿ ಬಿಚ್ಚಿ ಒರೆಸಿ. ಆದ್ರೆ ವಾಪಸ್ ಜೋಡಿಸೋವಾಗ ಫೈರಿಂಗ್ ಪಿನ್ ಎಷ್ಟು ಹೊರಗೆ ಬರ್ತಿದೆ ಅಂತ ರೈಫಲ್ ಜೊತೆ ಬರೋ ಟೂಲ್ ಇಟ್ಟು ನೋಡ್ಲೇಬೇಕು, ಜಾಸ್ತಿ ಬಂದ್ರೆ ಪ್ರೈಮರ್ ತೂತಾಗತ್ತೆ. ಮೂತಿಯ ಅಂಚು, ಮ್ಯಾಗಜೀನ್ ಒಳಗೂ ಒಂದ್ಸಲ ಒರೆಸಿ. ಮಾರನೇ ದಿನ ಬಿಳೀ ಪ್ಯಾಚ್ ಒಂದು ಎಳೆದು ನೋಡಿ, ಕಂದು ಬಣ್ಣ ಕಂಡ್ರೆ ಎಲ್ಲಾ ಮತ್ತೆ ಮೊದಲಿಂದ.

ಡಬ್ಬದ ಮೇಲೆ ಏನೇ ಬರ್ದಿರ್ಲಿ, ಯಾರೇ ಏನೇ ಹೇಳ್ಲಿ, ಸರ್ಪ್ಲಸ್ ಅಂದ್ರೆ ಕೊರೋಸಿವ್ ಅಂತಾನೇ ಲೆಕ್ಕ ಇಟ್ಕೊಳ್ಳಿ. ಸ್ವಿಸ್ ಜಿಪಿ11 ಥರ ಕೊರೋಸಿವ್ ಅಲ್ಲದ್ದೂ ಇದಾವೆ, ಅಮೆರಿಕದ .30-06 ಕೂಡ 1950ರ ದಶಕದ ಮೊದಲ ಭಾಗದಲ್ಲಿ ಬದಲಾಯ್ತು, ಆದ್ರೆ ಇಪ್ಪತ್ತು ನಿಮಿಷದ ಕೆಲ್ಸ ಉಳಿಸಕ್ಕೆ ಹೋಗಿ ಒಳ್ಳೇ ಬ್ಯಾರೆಲ್ ಯಾಕೆ ಹಾಳು ಮಾಡ್ಕೋಬೇಕು.

ತಾಮ್ರದ ಕೇಸ್:

ಮೇಲಿನವರು ಬ್ಯಾರೆಲ್ ಬಗ್ಗೆ ಹೇಳಿದ್ರು, ನಾನು ನಿಮ್ ಕಣ್ಣು ಕೈ ಬಗ್ಗೆ ಹೇಳ್ತೀನಿ.

ಮೊದಲು ಗುಂಡಿನ ತುದಿ ನೋಡಿ. ಈ ಕ್ಯಾಲಿಬರ್‌ನಲ್ಲಿ ಬೆಳ್ಳಿ ಬಣ್ಣದ ತುದಿ ಲೈಟ್ ಬಾಲು, ಗುಂಡಿನ ತೂಕ 9.6 ಗ್ರಾಂ. ಹಳದಿ ತುದಿ ಹೆವಿ ಬಾಲು, 11.8 ಗ್ರಾಂ. ಹಸಿರು ಅಂದ್ರೆ ಟ್ರೇಸರ್, ಹಾರೋವಾಗ ಬೆಳಕು ಬಿಡೋದು. ಕಪ್ಪು ಜೊತೆ ಕೆಂಪು ಪಟ್ಟಿ ಇದ್ರೆ ಉಕ್ಕು ತೂರಿ ಬೆಂಕಿ ಹಚ್ಚೋ ಜಾತಿ. ಬರೀ ಕೆಂಪು ಇದ್ರೆ ಅದನ್ನ ಮುಟ್ಟಕ್ಕೂ ಹೋಗ್ಬೇಡಿ, ಒಳಗೆ ಸಿಡಿಯೋ ಮದ್ದು ಇರೋ ರೌಂಡ್ ಅದು. ಈ ಬಣ್ಣಗಳು ದೇಶದಿಂದ ದೇಶಕ್ಕೆ ಬೇರೆ ಬೇರೆ. ಅಮೆರಿಕದ 7.62 ನೇಟೋದಲ್ಲಿ ಟ್ರೇಸರ್ ಕಿತ್ತಳೆ ತುದಿ, ಹಳೇ ಬ್ರಿಟಿಷ್ .303ರಲ್ಲಿ ಪ್ರೈಮರ್ ಸುತ್ತ ಇರೋ ವಾರ್ನಿಷ್ ಬಣ್ಣ ನೋಡ್ಬೇಕು, ನೇರಳೆ ಅಂದ್ರೆ ಸಾದಾ ಬಾಲು, ಕೆಂಪು ಟ್ರೇಸರ್. ಇಲ್ಲಿ ಕಲ್ತಿದ್ದನ್ನ ಅಲ್ಲಿ ಹಾಕಕ್ಕೆ ಹೋಗ್ಬೇಡಿ.

ಆಮೇಲೆ ಮ್ಯಾಗ್ನೆಟ್. ರೇಂಜಲ್ಲಿ ಮ್ಯಾಗ್ನೆಟ್ ಹಿಡಿದು ಚೆಕ್ ಮಾಡಿ ಅಂಟಿದ್ರೆ ಬೇಡ ಅಂತಾರೆ. ನಿಮ್ ಲೈಟ್ ಬಾಲ್ ಖಂಡಿತ ಅಂಟತ್ತೆ, ಒಳಗೆ ಮೆದು ಉಕ್ಕಿನ ಕೋರ್ ಇದೆ. ಹೊಸದಾಗಿ ಬರೋ ಕೆಲವು ರೌಂಡ್‌ಗಳಲ್ಲಿ ಕೋರ್ ಪೂರ್ತಿ ಸೀಸ ಇದ್ರೂ ಹೊರಗಿನ ಜಾಕೆಟ್ ಉಕ್ಕಿಗೆ ತಾಮ್ರ ಲೇಪಿಸಿದ್ದು, ಅದೂ ಅಂಟತ್ತೆ. ಮ್ಯಾಗ್ನೆಟ್‌ಗೆ ಇವೆರಡ್ರ ವ್ಯತ್ಯಾಸ ಗೊತ್ತಾಗಲ್ಲ. ರೇಂಜಿನವರ ಜೊತೆ ವಾದ ಮಾಡೋ ಬದ್ಲು ದುಡ್ಡು ಕೊಡೋಕೆ ಮುಂಚೆ ಕೇಳ್ಬಿಡಿ. ಉಕ್ಕಿನ ಕೋರ್ ಸ್ಟೀಲ್ ಪ್ಲೇಟನ್ನ ಗುಂಡಿ ಬೀಳಿಸತ್ತೆ, ಕಲ್ಲಿಗೆ ತಾಗಿ ಕಿಡಿ ಹಾರಿಸತ್ತೆ, ಒಣ ಹುಲ್ಲಿದ್ರೆ ಬೆಂಕಿ. ಅವರು ಬೇಡ ಅನ್ನೋದಕ್ಕೆ ಕಾರಣ ಇದೆ. ನೀವು ಮಣ್ಣಿನ ದಿಬ್ಬದ ಮುಂದೆ ಪೇಪರ್ ಟಾರ್ಗೆಟ್‌ಗೆ ಮಾತ್ರ ಹೊಡೀರಿ.

ಒಂದೊಂದು ರೌಂಡನ್ನೂ ಬೆಳಕಲ್ಲಿ ತಿರುಗಿಸಿ ನೋಡಿ. ಕುತ್ತಿಗೇಲಿ ಕೂದಲೆಳೆ ಬಿರುಕು, ಹಸಿರು ಕಿಲುಬು, ಗುಂಡು ಕೈಗೆ ಅಲ್ಲಾಡೋದು, ಪೊಟ್ಟಣ ಬಿಚ್ಚಿದಾಗ ಹುಳಿ ವಾಸ್ನೆ ಬರೋದು, ಇವುಗಳಲ್ಲಿ ಒಂದು ಕಂಡ್ರೂ ಆ ರೌಂಡ್ ಪಕ್ಕಕ್ಕೆ. ಹುಳಿ ವಾಸ್ನೆ ಇದ್ರೆ ಮದ್ದೇ ಕೊಳೀತಿದೆ ಅಂತ, ಆಗ ಆ ಲಾಟ್ (ಒಟ್ಟಿಗೆ ತಯಾರಾದ ರೌಂಡ್‌ಗಳು) ಪೂರ್ತಿ ಬೇಡ.

ಟ್ರಿಗರ್ ಎಳೆದು ಕ್ಲಿಕ್ ಅಂತ ಮಾತ್ರ ಕೇಳಿದ್ರೆ ಬೋಲ್ಟ್ ಮುಟ್ಬೇಡಿ. ಹಳೇ ಪ್ರೈಮರ್ ತಡವಾಗಿ ಹತ್ತಿಕೊಳ್ಳೋದಿದೆ. ಮೂತಿ ಟಾರ್ಗೆಟ್ ಕಡೇನೇ ಇರ್ಲಿ, ಪೂರ್ತಿ ಒಂದು ನಿಮಿಷ ಕಾಯಿರಿ, ಮುಖ ಬೋಲ್ಟ್ ಹಿಂದೆ ಇಡದೇ ಪಕ್ಕಕ್ಕೆ ಇಟ್ಕೊಂಡು ತೆಗೀರಿ. ಸದ್ದು ಮಾಮೂಲಿಗಿಂತ ಕಮ್ಮಿ ಬಂದ್ರೆ ಅದು ಇನ್ನೂ ಅಪಾಯ, ಗುಂಡು ಬ್ಯಾರೆಲ್ ಮಧ್ಯ ಸಿಕ್ಕಿರ್ಬಹುದು. ಬೋಲ್ಟ್ ತೆಗೆದು ಬೋರ್ ಆರ್‌ಪಾರ್ ಕಾಣೋವರ್ಗೂ ಇನ್ನೊಂದು ರೌಂಡ್ ಹಾಕ್ಲೇಬಾರ್ದು. ಕನ್ನಡಕ ಇಲ್ದೆ ಸರ್ಪ್ಲಸ್ ಹೊಡೀಬೇಡಿ, ಇದಂತೂ ಕೈ ಮುಗಿದು ಕೇಳ್ಕೋತೀನಿ.

ಗುರಿ ಮತ್ತು ಉಸಿರು:

ನಿಮ್ ಎರಡನೇ ಪ್ರಶ್ನೆಗೆ ಯಾರೂ ಉತ್ರ ಕೊಡ್ಲಿಲ್ಲ, ನನಗೆ ಅದೇ ಮುಖ್ಯ ಅನ್ಸತ್ತೆ.

ಕಲಿಯಕ್ಕೆ ಖಂಡಿತ ಆಗತ್ತೆ, ಆದ್ರೆ ಪೇಪರ್ ಮೇಲಿನ ಗ್ರೂಪ್ (ಗುಂಡುಗಳು ಎಷ್ಟು ಹತ್ತಿರ ಬಿದ್ದಿವೆ ಅನ್ನೋದು) ನೋಡಿ ನಿಮ್ಮನ್ನ ನೀವು ಅಳೀಬೇಡಿ. ಸರ್ಪ್ಲಸ್ ಬಾಲ್ ಗುಂಡು ಮ್ಯಾಚ್‌ಗೆ ಅಂತ ಮಾಡಿದ್ದಲ್ಲ, ಮದ್ದಿನ ತೂಕ, ಗುಂಡಿನ ತೂಕ ಎರಡೂ ರೌಂಡಿಂದ ರೌಂಡಿಗೆ ಸ್ವಲ್ಪ ಸ್ವಲ್ಪ ಬೇರೆ. ಒಂದು ಗುಂಡು ಮೇಲೆ ಹೋಯ್ತು ಅಂದ್ರೆ ಅದು ನಿಮ್ ತಪ್ಪಾ ಗುಂಡಿನ ತಪ್ಪಾ ಅಂತ ಪೇಪರ್ ಹೇಳಲ್ಲ. ಹೇಳೋದು ನಿಮ್ಮ ಕಣ್ಣು. ಗುಂಡು ಹಾರಿದ ಆ ಕ್ಷಣದಲ್ಲಿ ಮುಂದಿನ ಸೈಟ್ ಎಲ್ಲಿತ್ತು, ಎಡಕ್ಕಾ, ಕೆಳಕ್ಕಾ, ನೆಟ್ಟಗಿತ್ತಾ, ಇದನ್ನ ಟಾರ್ಗೆಟ್ ನೋಡೋಕೆ ಮುಂಚೆನೇ ಪುಸ್ತಕದಲ್ಲಿ ಬರೀರಿ, ಆಮೇಲೆ ಹೋಲಿಸಿ. ಸೈಟ್ ಬಲಕ್ಕೆ ಜಾರ್ತು ಅಂತ ಬರ್ದಿದ್ದ ಗುಂಡು ನಿಜವಾಗ್ಲೂ ಬಲಕ್ಕೆ ಬಿದ್ದಿದ್ರೆ ನೀವು ಕಲೀತಿದೀರಿ ಅಂತ ಅರ್ಥ, ಗ್ರೂಪ್ ಅಂಗೈ ಅಗಲ ಇದ್ರೂ ಪರವಾಗಿಲ್ಲ.

ಸರ್ಪ್ಲಸ್ ಅಗ್ಗ ಅನ್ನೋದ್ರ ನಿಜವಾದ ಲಾಭ ಇರೋದು ಬೆಂಚ್ ಬಿಟ್ಟು ಏಳೋದ್ರಲ್ಲಿ. ನಿಂತು ಹೊಡೀರಿ, ಮಂಡಿಯೂರಿ ಹೊಡೀರಿ, ಭುಜದಿಂದ ರೈಫಲ್ ಇಳಿಸದೇ ಬೋಲ್ಟ್ ಎಳೆಯೋದನ್ನ ರೂಢಿ ಮಾಡಿ. ದುಬಾರಿ ರೌಂಡ್ ಇದ್ರೆ ಇದನ್ನೆಲ್ಲ ಮಾಡಕ್ಕೆ ಮನಸ್ಸು ಬರಲ್ಲ, ಎಲ್ರೂ ಬೆಂಚ್‌ಗೇ ಅಂಟ್ಕೊಂಡಿರ್ತಾರೆ.

ಇನ್ನೊಂದು, ಮೋಸಿನ್ ಒದೆಯೋದು ಜೋರು, ಹೊಸಬರಿಗೆ ಗೊತ್ತಿಲ್ದಂಗೆ ಬೆಚ್ಚೋ ಅಭ್ಯಾಸ ಆಗ್ಬಿಡತ್ತೆ. ಜೊತೆಗಿರೋರ ಕೈಲಿ ಐದು ರೌಂಡಲ್ಲಿ ಒಂದು ಡಮ್ಮಿ (ಹಾರದ ನಕಲಿ ರೌಂಡ್) ಸೇರಿಸ್ಕೊಡಕ್ಕೆ ಹೇಳಿ, ಎಷ್ಟನೇದು ಅಂತ ನಿಮಗೆ ಗೊತ್ತಿರ್ಬಾರ್ದು. ಡಮ್ಮಿ ಬಂದಾಗ ಮೂತಿ ದಡಕ್ಕನೆ ಕೆಳಗೆ ಹೋಗತ್ತಾ ನೋಡಿ. ಹೋಗ್ತಿದ್ರೆ ಅವತ್ತು ಅಲ್ಲಿಗೇ ನಿಲ್ಸಿ, ಡಬ್ಬ ಖಾಲಿ ಮಾಡಿದ್ರೆ ಕೆಟ್ಟ ಅಭ್ಯಾಸ ಗಟ್ಟಿಯಾಗೋದು ಬಿಟ್ರೆ ಬೇರೇನೂ ಆಗಲ್ಲ. ಡಮ್ಮಿ ಮಾತ್ರ ನೋಡಿದ ಕೂಡ್ಲೇ ಬೇರೆ ಅಂತ ಗೊತ್ತಾಗೋ ಬಣ್ಣದ್ದೇ ಇರ್ಲಿ, ಮತ್ತೆ ಕ್ಲಿಕ್ ಅಂದ್ರೆ ಡಮ್ಮಿನೇ ಇರ್ಬೇಕು ಅಂದ್ಕೊಂಡು ಬೋಲ್ಟ್ ಎಳೀಬೇಡಿ, ಮೇಲಿನವರು ಹೇಳಿದ ಒಂದು ನಿಮಿಷ ಇಲ್ಲೂ ಕಾಯ್ಲೇಬೇಕು.

ಸೈಟ್ ಬಗ್ಗೆ ಒಂದು ಮಾತು. 91/30ನ ಬಯೊನೆಟ್ ಹಾಕಿ ಜೀರೋ (ಗುಂಡು ಬೀಳೋ ಜಾಗಕ್ಕೆ ಸೈಟ್ ಹೊಂದಿಸೋದು) ಮಾಡ್ತಿದ್ರು, ಬಯೊನೆಟ್ ಇಲ್ದೆ ಹೊಡೆದ್ರೆ ಗುಂಡು ಬೇರೆ ಕಡೆ ಹೋಗತ್ತೆ, 100 ಮೀಟರ್‌ಗೆ ಮೇಲೆ ಬೀಳೋದಂತೂ ಮಾಮೂಲಿ. ಅದಕ್ಕೆ ಗಾಬರಿ ಬೀಳ್ಬೇಡಿ. ಜೀರೋ ಮಾಡೋದನ್ನ ನೀವು ಮುಂದೆ ಮುಖ್ಯವಾಗಿ ಬಳಸೋ ಗುಂಡಲ್ಲೇ ಮಾಡಿ. 9.6 ಗ್ರಾಂ ಮತ್ತು 11.8 ಗ್ರಾಂ ಗುಂಡು ಒಂದೇ ಜಾಗಕ್ಕೆ ಬೀಳಲ್ಲ.

ಹಳೆಬೋಲ್ಟ್:

ತುಂಬಾ ಥ್ಯಾಂಕ್ಸ್ ಎಲ್ರಿಗೂ, ಸೈಟ್ ಎಲ್ಲಿತ್ತು ಅಂತ ಬರೆಯೋ ಐಡಿಯಾ ಬಹಳ ಹಿಡಿಸ್ತು. ನನ್ ಫ್ರೆಂಡ್ ಒಬ್ಬನ ಹತ್ರ .308 ವಿಂಚೆಸ್ಟರ್ ಬೋಲ್ಟ್ ಇದೆ, ಅವನು 7.62 ನೇಟೋ ಸರ್ಪ್ಲಸ್ ತಗೋಬಹುದಾ ಅಂತ ಕೇಳ್ತಿದಾನೆ. ಎರಡೂ ಒಂದೇ ಅಲ್ವಾ?

ತಾಮ್ರದ ಕೇಸ್:

ಹೊರಗಿನ ಅಳತೆ ಹೆಚ್ಚುಕಮ್ಮಿ ಒಂದೇ. ಒಳ್ಳೇ ಸ್ಥಿತೀಲಿರೋ ಹೊಸ .308 ಬೋಲ್ಟ್ ರೈಫಲ್‌ನಲ್ಲಿ ಸರಿಯಾದ 7.62 ನೇಟೋ ಬಾಲ್ ಹೊಡೆಯೋದ್ರಲ್ಲಿ ತೊಂದ್ರೆ ಇಲ್ಲ, ಹೆಡ್‌ಸ್ಟಾಂಪಲ್ಲಿ (ಕೇಸಿನ ಬುಡದ ಮೇಲಿನ ಅಚ್ಚು) ವೃತ್ತದ ಒಳಗೆ ಪ್ಲಸ್ ಗುರುತು ಇದ್ರೆ ನೇಟೋ ಮಟ್ಟಕ್ಕೆ ಮಾಡಿದ್ದು ಅಂತ. ಹುಷಾರಾಗಿರ್ಬೇಕಾದ್ದು ಉಲ್ಟಾ ಕೇಸಲ್ಲಿ, ಅಂದ್ರೆ 7.62ಗೆ ಅಂತ ಇರೋ ಹಳೇ ಮಿಲಿಟರಿ ರೈಫಲ್‌ಗೆ ಅಂಗಡಿ .308 ಹಾಕೋವಾಗ. .308ರ ಫೀಲ್ಡ್ ಗೇಜ್ (ಹೆಡ್‌ಸ್ಪೇಸಿನ ಕೊನೇ ಮಿತಿ) 1.638 ಇಂಚು, ಮಿಲಿಟರಿಯವರು 1.6455ರ ತನಕ ಒಪ್ಕೋತಿದ್ರು. ಮಿಲಿಟರಿ ಕೇಸಿನ ಗೋಡೆ ದಪ್ಪ, ಆ ಸಡಿಲ ತಡ್ಕೊಳ್ಳತ್ತೆ, ಅಂಗಡಿ .308 ಕೇಸು ತೆಳು, ಬುಡದ ಹತ್ರ ಹರೀಬಹುದು. 1916ರ ಸ್ಪ್ಯಾನಿಷ್ ಮೌಸರನ್ನ ಆಮೇಲೆ 7.62ಗೆ ಬದಲಾಯಿಸಿದ್ದು ಇದಾವಲ್ಲ, ಅದ್ರಲ್ಲಂತೂ ಗನ್‌ಸ್ಮಿತ್‌ಗೆ ತೋರಿಸ್ದೇ ಏನೂ ಮಾಡ್ಬೇಡಿ.

ಇದೇ ಲೆಕ್ಕ ಹಿಡ್ಕೊಂಡು .223 ಬೋಲ್ಟ್‌ಗೆ 5.56 ಸರ್ಪ್ಲಸ್ ಹಾಕೋಣ ಅಂತ ಹೋಗ್ಬೇಡಿ. ಅಲ್ಲಿ ಚೇಂಬರ್ ಮುಂದಿನ ಜಾಗ ಗಿಡ್ಡ, ಪ್ರೆಶರ್ ಏರತ್ತೆ. 8 ಎಂಎಂ ಮೌಸರ್ ಇಟ್ಕೊಂಡಿರೋರು ಅದು 1888ರ ಮಾದರೀದಾ ಅಂತ ನೋಡ್ಕೊಳ್ಳಿ, ಆ ಹಳೇ ಬೋರ್ .318ರ ಗುಂಡಿಗೆ ಮಾಡಿದ್ದು, ಸರ್ಪ್ಲಸ್ ಗುಂಡು .323. ಅದು ನಿಜವಾಗ್ಲೂ ಅಪಾಯ.

ಪಾಯಿಂಟ್ ಟೂಟೂ:

ನನ್ ಅಭಿಪ್ರಾಯ ಬೇರೆ. ಪ್ರಾಕ್ಟೀಸ್‌ಗೇ ಅಂತಾದ್ರೆ .22 ಬೋಲ್ಟ್ ರೈಫಲ್ ತಗೊಳ್ಳಿ. ತುಕ್ಕಿನ ಭಯ ಇಲ್ಲ, ಒದೆತ ಇಲ್ಲ, ಟ್ರಿಗರ್, ಉಸಿರು, ಸೈಟ್ ಎಲ್ಲಾ ಅದೇ. ಮನೇಲಿ ಸ್ನ್ಯಾಪ್ ಕ್ಯಾಪ್ (ನಕಲಿ ರೌಂಡ್) ಹಾಕಿ ಡ್ರೈ ಫೈರ್, ಅಂದ್ರೆ ಗುಂಡಿಲ್ದೆ ಟ್ರಿಗರ್ ಎಳೆಯೋದು, ಮಾಡಿದ್ರೆ ಗುಂಡಿನ ಖರ್ಚೂ ಇಲ್ಲ. ಅರ್ಧ ದಿನ ಹೊಡೆದು ಅರ್ಧ ದಿನ ಕುದಿಯೋ ನೀರು ಹಿಡ್ಕೊಂಡು ಕೂರೋದು ಯಾಕೆ?

ಗುರಿ ಮತ್ತು ಉಸಿರು:

.22 ಬಗ್ಗೆ ನೂರಕ್ಕೆ ನೂರು ಒಪ್ತೀನಿ, ಎರಡೂ ಮಾಡ್ಬೇಕು. ಆದ್ರೆ ಒದೆತ ತಡ್ಕೊಂಡು ಸೈಟ್ ವಾಪಸ್ ಟಾರ್ಗೆಟ್‌ಗೆ ತರೋದನ್ನ, ಗಟ್ಟಿ ಬೋಲ್ಟನ್ನ ಗುರಿ ಕೆಡಿಸ್ದೇ ಎಳೆಯೋದನ್ನ .22 ಕಲಿಸಲ್ಲ. ಅದಕ್ಕೆ ಅದೇ ರೈಫಲ್ಲೇ ಬೇಕು.

ನಳಿಗೆ ಸಾಫ್:

ಹಳೆಬೋಲ್ಟ್ ಸರ್, ತಗೊಳ್ಳೋದೇ ಆದ್ರೆ ಇನ್ನೆರಡು ವಿಷ್ಯ. ಬೋಲ್ಟ್ ಗಟ್ಟಿ ಹಿಡ್ಕೊಂಡು ಏಳ್ದೇ ಇದ್ರೆ ಗುಂಡನ್ನ ಬೈಯೋಕೆ ಮುಂಚೆ ಚೇಂಬರ್ ಕ್ಲೀನ್ ಮಾಡಿ, ವರ್ಷಗಟ್ಲೆ ಸ್ಟೋರಲ್ಲಿದ್ದ ರೈಫಲ್ಲಿನ ಹಳೇ ಗ್ರೀಸು ಅಲ್ಲಿ ಕೂತಿರತ್ತೆ, ಬಿಸಿಯಾದಾಗ ಸ್ಟೀಲ್ ಕೇಸಿನ ಲ್ಯಾಕರ್ ಅದಕ್ಕೆ ಅಂಟತ್ತೆ. ಸಾಲ್ವೆಂಟ್ ಹಾಕಿ ಚೇಂಬರ್ ಬ್ರಷ್‌ನಲ್ಲಿ ಚೆನ್ನಾಗಿ ತಿಕ್ಕಿದ್ರೆ ಸಾಮಾನ್ಯವಾಗಿ ಸರಿ ಹೋಗತ್ತೆ. ಅದಾದ್ಮೇಲೂ ಗಟ್ಟಿ ಬರ್ತಿದ್ರೆ, ಖಾಲಿ ಕೇಸಿನ ಪ್ರೈಮರ್ ಚಪ್ಪಟೆ ಆಗಿ ಅಂಚೇ ಕಾಣ್ತಿಲ್ಲ ಅಂದ್ರೆ, ಆ ಲಾಟ್ ಹೊಡೆಯೋದು ನಿಲ್ಸಿ, ಅದು ಪ್ರೆಶರ್ ಜಾಸ್ತಿ ಅನ್ನೋದ್ರ ಗುರುತು.

ಡಬ್ಬ ಒಂದ್ಸಲ ಕೊಯ್ದ ಮೇಲೆ ಸೀಲ್ ಹೋಯ್ತು. ಉಳಿದ ಪೊಟ್ಟಣಗಳನ್ನ ರಬ್ಬರ್ ಅಂಚಿರೋ ಗಾಳಿಯಾಡದ ಪೆಟ್ಟಿಗೇಲಿ ಸಿಲಿಕಾ ಜೆಲ್ ಜೊತೆ ಇಡಿ, ಡಬ್ಬದ ಮೇಲಿರೋ ಫ್ಯಾಕ್ಟರಿ ನಂಬರ್, ಲಾಟು, ವರ್ಷ ಬರ್ದು ಪೆಟ್ಟಿಗೆ ಒಳಗೇ ಹಾಕಿ. ಆಗ್ದಿದ್ರೆ ಬೇಡ, ಆದ್ರೆ ಆಗೋದಾದ್ರೆ ಒಂದೇ ಲಾಟಿನ ಎರಡು ಡಬ್ಬ ಒಟ್ಟಿಗೆ ತಗೊಳ್ಳಿ, ಪುಸ್ತಕದಲ್ಲಿ ಬರೆಯೋ ಲೆಕ್ಕ ಲಾಟ್ ಬದಲಾದ್ರೆ ಮತ್ತೆ ಹೊಸದಾಗಿ ಶುರು ಮಾಡ್ಬೇಕಾಗತ್ತೆ.